ಕಮಲುವಿನ ಕೈಗುಣ

ನನ್ನ ತಂಗಿ ಕಮಲುವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. 'ಹೊಟ್ಟೆಕಿಚ್ಚಿತ್ತು' ಎಂದು ಬರೆಯಲು ಹೊರಟಿದ್ದೆ, ಮನಸ್ಸು ಒಪ್ಪಲಿಲ್ಲ. ಇಬ್ಬರಿಗೂ ಮೊಮ್ಮಕ್ಕಳಾಗಿವೆ, ಇಬ್ಬರೂ ಮಂಡಿನೋವಿಗೆ ಒಬ್ಬರೇ ಡಾಕ್ಟರ ಹತ್ತಿರ ಹೋಗುತ್ತೇವೆ, ಅವಳ ನೋವು ನನ್ನದಕ್ಕಿಂತ ಬೇಗ ಕಡಿಮೆಯಾದರೆ ಈಗಲೂ ನನಗೆ ಒಳಗೊಳಗೇ ಚುರ್ರೆನ್ನುತ್ತದೆ. ಇದನ್ನು ಯಾರೂ ಪಶ್ಚಾತ್ತಾಪದ ಮಾತು ಎಂದುಕೊಳ್ಳಬೇಕಾಗಿಲ್ಲ. ಎಲ್ಲರಿಗೂ ಬೆಳೆಯಲು ಏನಾದರೊಂದು ಗೊಬ್ಬರ ಬೇಕು. ನನಗೆ ಸಿಕ್ಕಿದ್ದು ಇದು. ಅದು ನನಗೆ ಮೊದಲು ಸಿಕ್ಕಿದ್ದು ಜಯನಗರದ ನಮ್ಮ ಮನೆಯಲ್ಲಿ, ಗ್ಲಾಡಿಯೋಲಸ್ ಗಡ್ಡೆಗಳು ಆ ಮನೆಯ ಗೇಟು ದಾಟಿ ಬರುವುದಕ್ಕೂ ಸ್ವಲ್ಪ ಮುಂಚೆ.

ಜಯನಗರಕ್ಕೆ ಬರುವ ತನಕ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಅಲ್ಲಿ ಮಣ್ಣು ಅಂತ ಇದ್ದದ್ದು ತುಳಸಿಕಟ್ಟೆಯಲ್ಲಿ ಮಾತ್ರ. ಹೊಸ ಬಡಾವಣೆಯಲ್ಲಿ ಅಪ್ಪ ಕಟ್ಟಿಸಿದ ಮನೆ ಚಿಕ್ಕದು: ಮುಂದೆ ವರಾಂಡ, ನಡುವೆ ಹಾಲ್, ಒಂದು ಕಡೆ ಅಪ್ಪನ ರೂಮು, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ದೇವರಮನೆ, ಹಿತ್ತಿಲಲ್ಲಿ ಬೇರೆಯಾಗಿ ಬಚ್ಚಲುಮನೆ. ಆದರೆ ಸುತ್ತ ಎಲ್ಲಿ ನೋಡಿದರೂ ಕೆಂಪು ಮಣ್ಣು. ರಸ್ತೆಗಳಾಗಿದ್ದವು, ರಸ್ತೆಗೆ ತಕ್ಕಷ್ಟು ಮನೆಗಳಾಗಿರಲಿಲ್ಲ. ಖಾಲಿ ಸೈಟುಗಳಲ್ಲಿ ಲಂಟಾನ ಬೆಳೆದಿತ್ತು, ಮಳೆಗಾಲದಲ್ಲಿ ಹಾವು ಬರುತ್ತಿತ್ತು, ಮಡಿವಾಳದ ಕಡೆಯಿಂದ ಗೊಬ್ಬರದ ಎತ್ತಿನಗಾಡಿಗಳು ಬಂದು ಮನೆಮನೆಯ ಮುಂದೆ ನಿಲ್ಲುತ್ತಿದ್ದವು. ಅಪ್ಪನ ತಾಯಿ, ನಮ್ಮ ಅಜ್ಜಿ, ಇಷ್ಟು ಮಣ್ಣನ್ನು ಒಟ್ಟಿಗೆ ನೋಡಿ ತವರಿಗೆ ಬಂದವರ ಹಾಗೆ ಹುರುಪುಗೊಂಡರು. ವಠಾರದಲ್ಲಿ ಅವರ ಯಾವ ನಂಬಿಕೆಗಳಿಗೆ ಕೆಲಸವಿರಲಿಲ್ಲವೋ ಅವಕ್ಕೆಲ್ಲ ಈಗ ಕೆಲಸ ಸಿಕ್ಕಿತು.

ಅವುಗಳಲ್ಲಿ ಮೊದಲನೆಯದು ಕೈಗುಣ. ಗಿಡ ಬದುಕುವುದು ಗೊಬ್ಬರದಿಂದಲೂ ಅಲ್ಲ, ನೀರಿನಿಂದಲೂ ಅಲ್ಲ, ನೆಟ್ಟ ಕೈಯಿಂದ ಎಂದು ಅಜ್ಜಿ ನಂಬಿದ್ದರು. ಕೆಲವರ ಕೈ ತಂಪು, ಕೆಲವರದು ಉಷ್ಣ. ಉಷ್ಣದ ಕೈಯವರು ನೆಟ್ಟರೆ ಸಸಿ ಬಾಡುತ್ತದೆ, ಅವರು ಮುಡಿದ ಮಲ್ಲಿಗೆ ಮಧ್ಯಾಹ್ನದೊಳಗೆ ಕಂದುತ್ತದೆ, ಅವರು ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗುವುದಿಲ್ಲ. ಮನೆಗೆ ಬಂದ ಹೊಸದರಲ್ಲಿ ಅಜ್ಜಿ ನನ್ನನ್ನೂ ಕಮಲುವನ್ನೂ ಹಿತ್ತಿಲಲ್ಲಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ತೆಂಗಿನ ಕರಟದಲ್ಲಿ ಮಣ್ಣು ತುಂಬಿಕೊಟ್ಟು, ಒಂದು ಚಿಟಿಕೆ ಮೆಂತ್ಯ ಹಾಕಿಸಿದರು. ಆಗ ನನಗೆ ಹತ್ತು ವರ್ಷ, ಅವಳಿಗೆ ಆರು. ಕಮಲು ತನ್ನ ಕರಟ ಇಟ್ಟದ್ದನ್ನೇ ಮರೆತು ಎದುರುಮನೆಯ ರುಕ್ಮಿಣಮ್ಮನ ಬೆಕ್ಕಿನ ಹಿಂದೆ ಓಡಾಡಿಕೊಂಡಿದ್ದಳು. ನಾನು ಮೊಳಕೆ ಬಂತೋ ಇಲ್ಲವೋ ಎಂದು ಹೊತ್ತುಹೊತ್ತಿಗೂ ಬೆರಳು ಹಾಕಿ ಕೆದಕಿ ನೋಡಿದೆ. ವಾರದ ಹೊತ್ತಿಗೆ ಅವಳ ಕರಟದಲ್ಲಿ ಮೆಂತ್ಯ ಒತ್ತೊತ್ತಾಗಿ ಎದ್ದು ನಿಂತಿತ್ತು, ನನ್ನದರಲ್ಲಿ ಮಣ್ಣು ಮಾತ್ರ ಉಳಿದಿತ್ತು. ಅಜ್ಜಿ ಎರಡನ್ನೂ ನೋಡಿ, ನನ್ನ ಕೈ ಹಿಡಿದು ತಿರುಗಿಸಿ ಬೇಸರದಿಂದಲೇ ಹೇಳಿದರು.

"ಉಷ್ಣದ ಕೈ ಕಣೇ ವಿಶಾಲೂ ನಿಂದು. ಏನ್ಮಾಡೋದು, ನಿಮ್ಮಮ್ಮನ ಕಡೆಯಿಂದ ಬಂದಿದೆ."

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲಕ್ಕೂ ಕಮಲುವಿನ ಕೈ. ಮಾವಿನಕಾಯಿ ಉಪ್ಪಿನಕಾಯಿಗೆ ಮೊದಲ ಹಿಡಿ ಉಪ್ಪು ಅವಳು ಹಾಕಬೇಕು. ಹಪ್ಪಳದ ಹಿಟ್ಟನ್ನು ಮೊದಲು ಅವಳು ಮುಟ್ಟಬೇಕು. ಬೆಳಕು ಹರಿಯುವ ಮುಂಚೆ ಅವಳನ್ನೇ ಎಬ್ಬಿಸಿ ಹಿತ್ತಿಲಿನ ಗಿಡಗಳಿಗೆ ಮೊದಲ ಚೊಂಬು ನೀರು ಹಾಕಿಸುತ್ತಿದ್ದರು. ರಾತ್ರಿ ಊಟವಾದ ಮೇಲೆ ಹಾಲಿಗೆ ಹೆಪ್ಪು ಬಿಡಲು, ಹಾಸಿಗೆಯಲ್ಲಿ ಅರೆನಿದ್ದೆಯಲ್ಲಿದ್ದವಳನ್ನು ಎಬ್ಬಿಸಿ ಕರೆತಂದು ಕೈಗೆ ಚಮಚ ಕೊಡುತ್ತಿದ್ದರು. ಬೆಳಿಗ್ಗೆ ಮೊಸರು ಗಟ್ಟಿಯಾಗಿದ್ದರೆ ಅದು ಕಮಲುವಿನ ಕೈಗುಣ, ಹುಳಿಯಾಗಿದ್ದರೆ ಹಾಲಿನವನ ದೋಷ. ಊಟಕ್ಕೆ ಕೂತಾಗ ಅಜ್ಜಿ ಪ್ರತಿದಿನ ಮೊಸರಿನ ಪಾತ್ರೆಯನ್ನು ಓರೆ ಮಾಡಿ, ಅದು ಜಾರದೆ ನಿಲ್ಲುವುದನ್ನು ಎಲ್ಲರಿಗೂ ತೋರಿಸುತ್ತಿದ್ದರು. ನನ್ನ ಎಲೆಯ ಮೇಲೂ ಅದೇ ಮೊಸರು ಬೀಳುತ್ತಿತ್ತು. ನಾನು ಎಷ್ಟೋ ದಿನ ಬೇಕೆಂದೇ ಸಾರನ್ನದಲ್ಲೇ ಊಟ ಮುಗಿಸಿ ಎದ್ದಿದ್ದೇನೆ. ಅಮ್ಮ ಮಾತ್ರ ಒಮ್ಮೆ, ಅಜ್ಜಿ ಕೇಳಿಸಿಕೊಳ್ಳದ ಹಾಗೆ, ನನ್ನ ಜಡೆ ಹೆಣೆಯುತ್ತಾ, ಗುಣ ಕೈಯಲ್ಲಿಲ್ಲ, ನೀನು ಕೆದಕದೆ ಬಿಡಬೇಕಾಗಿತ್ತು ಎಂದಿದ್ದಳು. ಆ ಮಾತು ನನಗೆ ಸಮಾಧಾನ ಕೊಡುವ ಬದಲು ಇನ್ನಷ್ಟು ಸಿಟ್ಟು ತರಿಸಿತು. ಕೆದಕದೇ ಇರುವುದು ನನ್ನಿಂದಾಗದ ಕೆಲಸ ಎಂದು ನನಗೆ ಆಗಲೇ ಗೊತ್ತಿತ್ತು.

ಇದೇ ಹೊತ್ತಿಗೆ ಅಪ್ಪ ಒಂದು ಸಂಜೆ ಆಫೀಸಿನಿಂದ ಬರುವಾಗ ಸೈಕಲ್ಲಿನ ಹ್ಯಾಂಡಲ್‌ಗೆ ಒಂದು ಬಟ್ಟೆಚೀಲ ನೇತುಹಾಕಿಕೊಂಡು ಬಂದರು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಹೆಚ್ಚು ಮಾತಾಡದವರು, ಯಾವುದಕ್ಕೂ ಆಸೆಪಟ್ಟವರಲ್ಲ. ಆದರೆ ತಮ್ಮ ಸಾಹೇಬರ ಬಂಗಲೆಯ ಮುಂದೆ ಉದ್ದುದ್ದ ಕಡ್ಡಿಗಳ ತುಂಬ ಹೂ ಬಿಟ್ಟು ನಿಂತಿದ್ದ ಗ್ಲಾಡಿಯೋಲಸ್ ಅವರಿಗೆ ಹುಚ್ಚು ಹಿಡಿಸಿತ್ತು. ಸಾಹೇಬರು ಸಂತೋಷದಿಂದ ಗಡ್ಡೆ ಕೊಟ್ಟಿದ್ದರು. ಅಪ್ಪ ಚೀಲವನ್ನು ವರಾಂಡದಲ್ಲಿ ಬಿಚ್ಚಿದರು. ಕಂದು ಸಿಪ್ಪೆಯ, ಕೊಂಚ ಚಪ್ಪಟೆಯಾದ, ದುಂಡನೆಯ ಗಡ್ಡೆಗಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಈರುಳ್ಳಿ ತಂದ್ಯೇನೋ ಸೀನು, ಮನೆಗೆ?"

ನಮ್ಮ ಮನೆಯಲ್ಲಿ ಈರುಳ್ಳಿ ತರುತ್ತಿರಲಿಲ್ಲ, ಅದರ ಹೆಸರನ್ನೂ ಎತ್ತುತ್ತಿರಲಿಲ್ಲ. ಅಪ್ಪ ತಾಳ್ಮೆಯಿಂದ, ಇದು ಹೂವಿನ ಗಡ್ಡೆ, ತಿನ್ನುವುದಲ್ಲ, ವಾಸನೆಯೂ ಇಲ್ಲ, ಬೇಕಾದರೆ ಮೂಸಿ ನೋಡು ಎಂದು ವಿವರಿಸಿದರು. ಮೂಸಿ ನೋಡು ಎಂದದ್ದು ತಪ್ಪಾಯಿತು. ಹೆಸರು ಏನಾದರೂ ಇರಲಿ, ಆಕಾರ ಅದೇ ತಾನೇ ಎಂದರು ಅಜ್ಜಿ. ಕೊನೆಗೆ ಒಂದು ಒಪ್ಪಂದವಾಯಿತು: ಗಡ್ಡೆ ಹೊಸ್ತಿಲು ದಾಟಿ ಒಳಗೆ ಬರಕೂಡದು, ಕಾಂಪೌಂಡಿನ ಪಕ್ಕದಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ. ಈ ಒಪ್ಪಂದದಿಂದ ಮುಂದೆ ಏನಾಗುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅಪ್ಪ ಲೈಬ್ರರಿಯಿಂದ ತೋಟಗಾರಿಕೆಯ ಒಂದು ಇಂಗ್ಲಿಷ್ ಪುಸ್ತಕ ತಂದರು. ಅವರು ಮಣ್ಣು ಅಗೆಯುವಾಗ ಅದನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನಗೆ ಬಂತು. ಮಣ್ಣನ್ನು ಎಷ್ಟು ಆಳ ಸಡಿಲಿಸಬೇಕು, ಮರಳು ಎಷ್ಟು ಬೆರೆಸಬೇಕು, ಗೊಬ್ಬರ ಹಳೆಯದಾಗಿರಬೇಕು, ನೀರು ನಿಲ್ಲಬಾರದು, ಗಡ್ಡೆಯ ಮೊಳಕೆ ಮೇಲಕ್ಕಿರಬೇಕು, ಕಡ್ಡಿ ಎದ್ದ ಮೇಲೆ ಬಿದಿರಿನ ಆಸರೆ ಕೊಡಬೇಕು, ಎಲ್ಲವೂ ನನಗೆ ಬಾಯಿಪಾಠವಾಯಿತು. ಪಾತಿ ಸಿದ್ಧವಾದ ದಿನ ನಾನು ಲಂಗ ಎತ್ತಿ ಕಟ್ಟಿಕೊಂಡು ಇಳಿದೆ. ಅಪ್ಪ ನನ್ನನ್ನು ನೋಡಿದರು, ವರಾಂಡದಲ್ಲಿ ಕೂತಿದ್ದ ಅಜ್ಜಿಯನ್ನು ನೋಡಿದರು.

"ನೀನು ಓದಮ್ಮ, ವಿಶಾಲು. ಕಮಲು ನೆಡ್ಲಿ."

ಅಜ್ಜಿ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಪ್ಪ ಕೈಗುಣವನ್ನೆಲ್ಲ ನಂಬುವವರಲ್ಲ. ಅಜ್ಜಿಯ ಜೊತೆ ಇನ್ನೊಂದು ಜಗಳ ಬೇಡವೆಂದು ನನ್ನನ್ನು ಬಿಟ್ಟುಕೊಟ್ಟರು. ನಾನು ಪುಸ್ತಕ ಹಿಡಿದು ನಿಂತು ಓದಿದೆ. ಕಮಲು ನಾಲಿಗೆ ಕಚ್ಚಿಕೊಂಡು ಒಂದೊಂದೇ ಗಡ್ಡೆಯನ್ನು ಗುಳಿಯಲ್ಲಿಟ್ಟಳು. ನಡುವೆ ಒಂದನ್ನು ತಲೆಕೆಳಗಾಗಿ ಇಟ್ಟಳು. ನಾನು ನೋಡಿಯೂ ಹೇಳದೆ ಮುಂದಿನ ಸಾಲು ಓದಿದೆ. ಆ ಗಡ್ಡೆಯೂ ಸ್ವಲ್ಪ ಸೊಟ್ಟಗೆ ಎದ್ದು, ಎಲ್ಲದರ ಜೊತೆಯಲ್ಲೇ ಹೂ ಬಿಟ್ಟಿತು.

ಚಳಿಗಾಲದಲ್ಲಿ ಹೂ ಬಂದಾಗ ನಮ್ಮ ರಸ್ತೆಯೇ ನಮ್ಮ ಗೇಟಿನ ಮುಂದೆ ನಿಂತಿತು. ಕತ್ತಿಯಂಥ ಎಲೆಗಳ ನಡುವಿನಿಂದ ಕಡ್ಡಿ ಮೇಲೆದ್ದು, ಕೆಳಗಿನ ಮೊಗ್ಗಿನಿಂದ ಶುರುವಾಗಿ ದಿನಕ್ಕೊಂದರಂತೆ ಮೇಲಕ್ಕೆ ಅರಳುತ್ತಾ ಹೋಗುವ ಹೂವನ್ನು ಆ ಸಾಲಿನವರು ಯಾರೂ ಮನೆಯಲ್ಲಿ ಬೆಳೆಸಿರಲಿಲ್ಲ. ಕೆಂಪು, ಬಿಳಿ, ಮತ್ತೆ ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದ ಕಿತ್ತಳೆ. ಪರಿಮಳವಿಲ್ಲದ ಹೂ ದೇವರಿಗೆ ಸಲ್ಲದು, ಮುಡಿಯಲೂ ಬಾರದು, ಮತ್ತೆ ಯಾತಕ್ಕೆ ಎಂದು ಅಜ್ಜಿ ಕೇಳುತ್ತಿದ್ದರಾದರೂ, ಬಂದವರಿಗೆಲ್ಲ ನೆಟ್ಟ ಕೈ ಯಾರದೆಂದು ತಪ್ಪದೆ ಹೇಳುತ್ತಿದ್ದರು. ರುಕ್ಮಿಣಮ್ಮ ಕಮಲುವಿನ ಕೈಗಳನ್ನು ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು. ಅಪ್ಪ ಅವಳನ್ನು ತೋಟಗಾರ್ತಿ ಎಂದು ಕರೆಯಲು ತೊಡಗಿದರು. ಆಫೀಸಿನಿಂದ ಬಂದವರು ಸೈಕಲ್ ನಿಲ್ಲಿಸುವ ಮುಂಚೆಯೇ, "ಎಲ್ಲಿ ನಮ್ಮ ತೋಟಗಾರ್ತಿ?" ಎನ್ನುವರು. ನಾನು ವರಾಂಡದ ಕಂಬದ ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಾ ಕೂತಿರುತ್ತಿದ್ದೆ. ಅವರು ನನ್ನ ತಲೆ ಸವರಿ ಪಾತಿಯ ಕಡೆ ಹೋಗುತ್ತಿದ್ದರು. ನನಗೆ ಬೇಕಾಗಿದ್ದದ್ದು ತಲೆ ಸವರುವುದಲ್ಲ. ನನ್ನ ಕೈಯಿಂದ ಒಂದು ಗಿಡ, ಒಂದೇ ಒಂದು ಗಿಡ ಬದುಕಬೇಕು, ಅದನ್ನು ಅಪ್ಪ ನೋಡಬೇಕು. ರಾತ್ರಿ ಮಲಗುವಾಗ ದೇವರಿಗೆ ಕೈ ಮುಗಿದು ನಾನು ಕೇಳಿಕೊಳ್ಳುತ್ತಿದ್ದದ್ದು ಇಷ್ಟೇ.

ಹೂವೆಲ್ಲ ಮುಗಿದು ಎಲೆ ಹಳದಿಯಾದ ಮೇಲೆ ಗಡ್ಡೆಗಳನ್ನು ಅಗೆದು ತೆಗೆದು ಒಣಗಿಸಿಡಬೇಕೆಂದು ನಾನೇ ಓದಿ ಹೇಳಿದ್ದೆ. ಅಪ್ಪ ಮತ್ತು ತೋಟಗಾರ್ತಿ ಕೂತು ಒಂದೊಂದನ್ನೇ ಎತ್ತಿದರು. ಪ್ರತಿ ಗಡ್ಡೆಯ ಬುಡದಲ್ಲಿ ಬಟಾಣಿ ಗಾತ್ರದ ಮರಿಗಡ್ಡೆಗಳು ಅಂಟಿಕೊಂಡಿದ್ದವು. ಇವು ಹೂ ಬಿಡಬೇಕಾದರೆ ಎರಡು ಮೂರು ವರ್ಷ ಕಾಯಬೇಕು, ಯಾರು ಕಾಯುತ್ತಾರೆ ಎಂದು ಅಪ್ಪ ಅವನ್ನು ಕೊಡವಿ ಗೋಡೆಯ ಬದಿಗೆ ಎಸೆದರು. ಅವರು ಕೈ ತೊಳೆಯಲು ಹೋದ ಮೇಲೆ ನಾನು ಅವನ್ನು ಆರಿಸಿ ಲಂಗದಲ್ಲಿ ತುಂಬಿಕೊಂಡೆ. ಯಾರಿಗೂ ಬೇಡವಾದದ್ದನ್ನು ಮುಟ್ಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಳೆಯ ಸೀಮೆಎಣ್ಣೆ ಡಬ್ಬವೊಂದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಣ್ಣು ಮರಳು ಬೆರೆಸಿ ತುಂಬಿ, ತಾರಸಿಗೆ ಹೊತ್ತುಕೊಂಡು ಹೋದೆ. ಅಜ್ಜಿಯ ಮಂಡಿಗೆ ತಾರಸಿಯ ಮೆಟ್ಟಿಲು ಆಗುತ್ತಿರಲಿಲ್ಲ. ಅಮ್ಮ ಸಂಡಿಗೆ ಒಣಹಾಕಲು ಬಂದವಳು ಡಬ್ಬವನ್ನು ನೋಡಿದಳು, ನನ್ನನ್ನು ನೋಡಿದಳು, ಸಂಡಿಗೆ ಇಡುವುದರಲ್ಲಿ ತೊಡಗಿದಳು.

ಕೆಳಗೆ, ದೊಡ್ಡ ಗಡ್ಡೆಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಎದ್ದಿತು. ಗಾಳಿಯಾಡುವ ಒಣ ಜಾಗ ಎಂದರೆ ಅಪ್ಪನ ರೂಮಿನ ಅಟ್ಟ. ಆದರೆ ಅದು ಹೊಸ್ತಿಲೊಳಗೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಈರುಳ್ಳಿಯ ಮೂಟೆ ಒಳಗೆ ಬಂದ ದಿನ ತಾನು ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದರು. ಅಪ್ಪ ಮತ್ತೊಮ್ಮೆ ಸೋತರು. ಹೊಸ್ತಿಲ ಹೊರಗೆ, ಮಳೆ ತಾಗದ, ಚಾವಣಿಯಿರುವ ಜಾಗವೆಂದರೆ ಬಚ್ಚಲುಮನೆ ಮಾತ್ರ. ಅಲ್ಲಿ ನೀರೊಲೆಯ ಮೇಲುಗಡೆಯ ಹಲಗೆಯ ಮೇಲೆ ಸೌದೆ ಒಣಗಿಸುತ್ತಿದ್ದೆವು. ಸೌದೆ ಒಣಗುವ ಜಾಗದಲ್ಲಿ ಗಡ್ಡೆಯೂ ಒಣಗುತ್ತದೆ ಎಂದು ಎಲ್ಲರೂ ಒಪ್ಪಿ ಗೋಣಿಚೀಲವನ್ನು ಅಲ್ಲಿಟ್ಟರು. ದಿನಾ ಬೆಳಿಗ್ಗೆ ಐದು ಜನರ ಸ್ನಾನದ ಹಬೆ ಆ ಚೀಲಕ್ಕೆ ಹೊಡೆಯುತ್ತಿತ್ತು. ಮಳೆಗಾಲ ಕಳೆದು, ನವರಾತ್ರಿಯ ಹೊತ್ತಿಗೆ ಅಪ್ಪ ಪಾತಿ ಅಗೆದು, ಚೀಲ ಇಳಿಸಿ ಬಿಚ್ಚಿದರು. ಒಳಗೆ ಬೂಷ್ಟು ಹಿಡಿದ ಕಪ್ಪು ಮುದ್ದೆ. ಕೊಳೆತ ವಾಸನೆ ಹಿತ್ತಿಲೆಲ್ಲ ತುಂಬಿತು. ಅಜ್ಜಿ ಅಡುಗೆಮನೆಯ ಕಿಟಕಿಯಿಂದಲೇ, ಇದು ಈರುಳ್ಳಿ ವಾಸನೆಯಲ್ಲದೆ ಇನ್ನೇನು, ನಾನು ಮೊದಲೇ ಹೇಳಿರಲಿಲ್ಲವೇ ಎಂದರು. ಅಪ್ಪ ಎಂದೂ ದನಿಯೇರಿಸಿದವರಲ್ಲ. ಆ ದಿನವೂ ಏರಿಸಲಿಲ್ಲ. ಕಾಫಿ ಕುಡಿಯದೆ ಆಫೀಸಿಗೆ ಹೋದರು. ಅವರ ಸಾಹೇಬರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು, ಮತ್ತೆ ಗಡ್ಡೆ ಕೇಳುವುದಕ್ಕೆ ಯಾರೂ ಇರಲಿಲ್ಲ. ಪಾತಿಯಲ್ಲಿ ಅಮ್ಮ ದಂಟಿನ ಸೊಪ್ಪು ಹಾಕಿದಳು. ತೋಟಗಾರ್ತಿ ಎಂಬ ಮಾತು ನಮ್ಮ ಮನೆಯಲ್ಲಿ ನಿಂತುಹೋಯಿತು. ನನಗೆ ಸಂತೋಷವಾಗಬೇಕಾಗಿತ್ತು, ಅಪ್ಪನ ಮುಖ ನೋಡಿ ಅದೂ ಪೂರ್ತಿಯಾಗಲಿಲ್ಲ.

ತಾರಸಿಯ ಮೇಲೆ ನನ್ನ ಡಬ್ಬದಲ್ಲಿ ಮೊದಲ ಮಳೆಗೆ ಹುಲ್ಲಿನಂಥ ಎಳೆಗಳು ಬಂದಿದ್ದವು. ಹುಲ್ಲೇ ಇರಬಹುದೆಂದು ನನಗೆ ಅನುಮಾನ. ಆಗ ನಾನು ಅಪ್ಪನಿಗೆ ಹೇಳಬಹುದಿತ್ತು, ನೀವು ಎಸೆದದ್ದು ನನ್ನ ಹತ್ತಿರ ಇದೆ ಎಂದು. ಹೇಳಿದ್ದರೆ ಡಬ್ಬ ಕೆಳಗಿಳಿಯುತ್ತಿತ್ತು, ನೀರು ಹಾಕಲು ಕಮಲುವಿನ ಕೈ ಬರುತ್ತಿತ್ತು. ಹೂ ಬಿಟ್ಟ ಮೇಲೆಯೇ ತೋರಿಸುವುದು ಎಂದು ಹಲ್ಲು ಕಚ್ಚಿ ಕೂತೆ. ಬೆಳಗಿನ ಹೊತ್ತು ಮಾತ್ರ ನಲ್ಲಿ ಬರುತ್ತಿದ್ದ ಕಾಲ. ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಚೊಂಬಿನಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಆ ವರ್ಷ ಹೂವಿಲ್ಲ. ಚಳಿ ಕಳೆದಂತೆ ಎಲೆಗಳು ಒಣಗಿ ಮಲಗಿಬಿಟ್ಟವು. ಡಬ್ಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೆರಳು ಹಾಕಿ ನೋಡಿಬಿಡೋಣ ಎಂದು ಕೈ ಮುಂದೆ ಚಾಚಿ, ಹಿಂದಕ್ಕೆಳೆದುಕೊಂಡು, ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡದ್ದು ಎಷ್ಟು ಸಲವೋ. ನನ್ನಲ್ಲಿ ಇವತ್ತು ಯಾರಾದರೂ ತಾಳ್ಮೆ ಕಂಡಿದ್ದರೆ ಅದು ಹಾಗೆ ಬಂದದ್ದು, ಒಳ್ಳೆಯತನದಿಂದ ಬಂದದ್ದಲ್ಲ. ಕಮಲುವಿಗೆ ಗುಟ್ಟು ಬೇಗನೆ ಗೊತ್ತಾಗಿತ್ತು. ಹತ್ತಿರ ಬಂದರೆ ಕೈ ಮುರಿಯುತ್ತೇನೆ ಎಂದಿದ್ದೆ. ಅವಳು ದೂರದಲ್ಲಿ, ಪ್ಯಾರಾಪೆಟ್ ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಾ ನಿಲ್ಲುತ್ತಿದ್ದಳು. ಕೆಳಗಿನಿಂದ ಅಜ್ಜಿ ಯಾವುದಕ್ಕಾದರೂ ಕರೆದರೆ ಕಾಲೆಳೆಯುತ್ತಾ ಇಳಿದು ಹೋಗುತ್ತಿದ್ದಳು. ಅಷ್ಟೆಲ್ಲ ಮರ್ಯಾದೆ ಸಿಗುವಾಗ ಕಾಲೆಳೆಯುತ್ತಾಳಲ್ಲ ಎಂದು ನನಗೆ ಅದಕ್ಕೂ ಸಿಟ್ಟು.

ನಾವು ಜಯನಗರಕ್ಕೆ ಬಂದ ಮೂರನೆಯ ಚಳಿಗಾಲದಲ್ಲಿ ಒಂದು ಗಿಡದಿಂದ ಕಡ್ಡಿ ಎದ್ದಿತು. ಕೆಳಗಿನ ಮೊಗ್ಗು ಬಣ್ಣ ತೋರಿಸಿದ ದಿನ ನಾನು ತಾರಸಿಯ ಮೇಲೆ ಒಬ್ಬಳೇ ಅತ್ತೆ. ಕಿತ್ತಳೆ. ಎರಡು ಹೂ ಪೂರ್ತಿ ಅರಳುವವರೆಗೆ ತಡೆದುಕೊಂಡು, ಅಪ್ಪ ಬರುವ ಹೊತ್ತಿಗೆ ಸರಿಯಾಗಿ ಡಬ್ಬವನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ವರಾಂಡದಲ್ಲಿಟ್ಟೆ. ಅಪ್ಪ ಸೈಕಲ್ ಹಿಡಿದುಕೊಂಡೇ ನಿಂತುಬಿಟ್ಟರು. ಆಮೇಲೆ ಅದನ್ನು ಗೋಡೆಗೆ ಒರಗಿಸಿ, ಬಂದು ಮಂಡಿಯೂರಿ ಕೂತು, ಒಂದು ಎಸಳನ್ನು ಬೆರಳ ತುದಿಯಿಂದ ಮುಟ್ಟಿದರು.

"ಎಲ್ಲಿತ್ತು ಇದು?"

"ತಾರಸಿ ಮೇಲೆ. ನೀವು ಎಸೆದ್ರಲ್ಲ, ಆ ಮರಿಗಡ್ಡೆ. ನಾನೇ ನೆಟ್ಟಿದ್ದು."

ಅಪ್ಪ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಇಷ್ಟು ವರ್ಷ ಕಾದದ್ದು ಆ ನೋಟಕ್ಕೆ, ಅದು ನನ್ನೊಬ್ಬಳ ಮೇಲೇ ಇತ್ತು. ಅಷ್ಟರಲ್ಲಿ ಬಾಗಿಲಿನಿಂದ ಅಜ್ಜಿಯ ದನಿ ಬಂತು.

"ಕಮಲು ನೀರು ಹಾಕಿರ್ತಾಳೆ. ಆ ಕೈ ಸೋಕದೆ ಹೀಗೆಲ್ಲ ಬಿಡಲ್ಲ."

ಅಪ್ಪನ ನೋಟ ನನ್ನ ಮೇಲಿಂದ ಎದ್ದು ಕಮಲುವಿನ ಕಡೆ ಹೋಯಿತು. ಒಂದು ಗಳಿಗೆ, ಅಷ್ಟೇ. ಆ ಒಂದು ಗಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಕಮಲು ಒಳಗಿನಿಂದ ಬಂದು ಬಾಗಿಲ ಪಕ್ಕ ನಿಂತಿದ್ದಳು. ಅವಳಿಗಾಗ ಒಂಬತ್ತು ವರ್ಷ.

"ಇಲ್ಲಜ್ಜಿ. ನಾನು ಒಂದಿನಾನೂ ಮುಟ್ಟಿಲ್ಲ. ಅಕ್ಕ ಹತ್ರಾನೇ ಬಿಡ್ತಿರ್ಲಿಲ್ಲ."

ಅಜ್ಜಿ ಅಷ್ಟಕ್ಕೆ ನಂಬಲಿಲ್ಲ. ಅಕ್ಕನ ಮೇಲಿನ ಪ್ರೀತಿಗೆ ಸುಳ್ಳು ಹೇಳುತ್ತಿದ್ದೀಯೆ ಎಂದು, ಅವಳ ಕೈ ಹಿಡಿದು ದೇವರಮನೆಗೆ ಕರೆದುಕೊಂಡು ಹೋದರು. ನಾವೆಲ್ಲ ಹಿಂದೆ ಹೋದೆವು. ಉರಿಯುತ್ತಿದ್ದ ದೀಪದ ಮುಂದೆ ನಿಂತು ಕಮಲು ಅದೇ ಮಾತನ್ನು, ಸ್ಕೂಲಿನಲ್ಲಿ ಪದ್ಯ ಒಪ್ಪಿಸುವವರ ಹಾಗೆ, ಗಟ್ಟಿಯಾಗಿ ಹೇಳಿದಳು: ಗಿಡ ಅಕ್ಕಂದು, ನೀರು ಹಾಕಿದ್ದು ಅಕ್ಕ, ಇನ್ಮೇಲೆ ಎಲ್ಲ ಅಕ್ಕನ ಕೈಯಲ್ಲೇ ಮಾಡಿಸಿ ಅಜ್ಜಿ. ನನ್ನ ಕೈ ಒಳ್ಳೆಯದೆಂದು ಈ ಮನೆ ನಂಬಬೇಕಾದರೆ ಅದಕ್ಕೂ ಅವಳ ಬಾಯೇ ಬೇಕಾಯಿತಲ್ಲ ಎಂದು ನಾನು ಅಲ್ಲೇ ನಿಂತು ಕುದಿದೆ. ನನ್ನ ಪರವಾಗಿ ಮಾತಾಡಿದವಳ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ. ಅಜ್ಜಿ ನನ್ನ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟು ಬಹಳ ಹೊತ್ತು ಹಿಡಿದುಕೊಂಡಿದ್ದರು. ತಾವು ತಪ್ಪಿದ್ದಾಗಿ ಅವರು ಬದುಕಿನಲ್ಲಿ ಯಾವತ್ತೂ ಒಪ್ಪಿಕೊಂಡವರಲ್ಲ.

"ಉಷ್ಣ ಇಳಿದಿದೆ. ವಯಸ್ಸಿಗೆ ಬರ್ತಾ ಕೆಲವರಿಗೆ ಇಳಿಯತ್ತೆ."

ಸುದ್ದಿ ಸಂಜೆಯೊಳಗೆ ರಸ್ತೆ ದಾಟಿತು. ರುಕ್ಮಿಣಮ್ಮ ಬಂದು ಹೂ ನೋಡಿ, ಈ ಸಲ ನನ್ನ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಅವರ ಹಿತ್ತಿಲಲ್ಲಿ ಕರಿಬೇವು ಎಷ್ಟು ಸಲ ಹಾಕಿದರೂ ಹತ್ತುತ್ತಿರಲಿಲ್ಲವಂತೆ. ಹೊಸ ಸಸಿ ತಂದಿದ್ದಾರೆ, ವಿಶಾಲು ಬಂದು ನೆಟ್ಟುಕೊಡಲಿ ಎಂದರು. ಅಜ್ಜಿ ನನ್ನನ್ನು ಕೇಳದೆಯೇ ಒಪ್ಪಿಕೊಂಡರು. ಊಟಕ್ಕೆ ಕೂತಾಗ ಅಪ್ಪ ನನ್ನ ಎಲೆಗೆ ತಾವೇ ತುಪ್ಪ ಬಡಿಸಿದರು. ನಾನು ಆ ರಾತ್ರಿ ಮೊಸರನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.

ಬೆಳಕು ಹರಿಯುವ ಮುಂಚೆಯೇ ಅಜ್ಜಿ ನನ್ನ ಭುಜ ಅಲ್ಲಾಡಿಸಿದರು. ಬಿಸಿಲು ಬರುವುದರೊಳಗೆ ಸಸಿ ನೆಡಬೇಕು, ಅದಕ್ಕೆ ಮುಂಚೆ ಸ್ನಾನವಾಗಬೇಕು, ನೀರೊಲೆ ಇನ್ನೂ ಹಚ್ಚಿಲ್ಲ, ತಣ್ಣೀರಾದರೆ ಕೈ ಇನ್ನೂ ತಂಪಾಗಿರುತ್ತದೆ. ಬಂದ ಮೇಲೆ ಮೆಂತ್ಯ ಬೇರೆ ಬಿತ್ತುವುದಿದೆ. ಜಯನಗರದ ಆಗಿನ ಚಳಿ ಈಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಪಾದಕ್ಕೆ ಸಿಮೆಂಟಿನ ನೆಲ ಸೋಕಿದರೆ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಎದ್ದು ಟವೆಲ್ ಹುಡುಕುತ್ತಾ ಪಕ್ಕದ ಹಾಸಿಗೆ ನೋಡಿದೆ. ಕಮಲು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದಳು. ಮೂರು ವರ್ಷದಲ್ಲಿ ಯಾರೂ ಬಂದು ಎಬ್ಬಿಸದ ಮೊದಲ ಬೆಳಗು ಅದು ಅವಳಿಗೆ. ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ದೀಪದ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದು ನನಗಾಗಿಯೋ, ತನಗಾಗಿಯೋ ಎಂಬ ಅನುಮಾನ ನನಗೆ ಆಗ ಮೊದಲ ಸಲ ಬಂತು.

"ಅಕ್ಕಾ, ಬಾಗಿಲು ಮುಂದೆ ಮಾಡ್ಕೊಂಡು ಹೋಗು. ಗಾಳಿ ಬರ್ತಿದೆ."

ಹೇಳಿ, ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಟವೆಲ್ ಹಿಡಿದು ನಿಂತೇ ಇದ್ದೆ. ನನಗೆ ಅವಳ ಮೇಲೆ ಎಂಥ ಹೊಟ್ಟೆಕಿಚ್ಚಾಯಿತೆಂದರೆ, ಹಿಂದಿನ ಮೂರು ವರ್ಷದ್ದು ಅದರ ಮುಂದೆ ಏನೂ ಅಲ್ಲ.